ಮುಚ್ಚುವ ಮುಂಚೆ ನೋಡಿ: ಹಳೇ ಮನೆ ಕೆಲಸ ಕಂಟ್ರಾಕ್ಟರಿಗೆ ಕೊಡುವವರಿಗೆ

ನಮ್ಮ ಅಜ್ಜ ಕಟ್ಟಿಸಿದ ಮನೆಗೆ ಅರವತ್ತು ವರ್ಷ ದಾಟಿದೆ. ಗೋಡೆಗಳು ಸುಣ್ಣದ ಗಾರೆಯವು, ಮೇಲೆ ಆರ್‌ಸಿಸಿ ಮೋಲ್ಡು. ಆಮೇಲೆ ಅಪ್ಪ ಮಹಡಿಯಲ್ಲಿ ಎರಡು ರೂಮು, ಒಂದು ಬಚ್ಚಲುಮನೆ ಸೇರಿಸಿದರು. ಈ ಮನೆಗೆ ನಾನು ಎರಡು ಸಲ ಕೆಲಸ ಮಾಡಿಸಿದ್ದೇನೆ.

ಮೊದಲ ಸಲ ಬರೀ ಮಹಡಿಯ ಬಚ್ಚಲುಮನೆ. ಇಪ್ಪತ್ತು ದಿನಕ್ಕೆ ಮುಗಿಯಿತು, ನೋಡಲು ಚೆನ್ನಾಗಿತ್ತು, ಪೂರ್ತಿ ದುಡ್ಡು ಕೊಟ್ಟೆ. ಎಂಟು ತಿಂಗಳಿಗೆ ಕೆಳಗಿನ ರೂಮಿನ ಸೀಲಿಂಗಿನಲ್ಲಿ ಅಂಗೈ ಅಗಲದ ಕಲೆ ಕಾಣಿಸಿತು. ಹೊಸ ಟೈಲ್ಸ್ ಒಡೆಸಿ ನೋಡಿದರೆ, ನೀರು ಹೋಗುವ ಪೈಪಿನ ಸುತ್ತ ವಾಟರ್‌ಪ್ರೂಫಿಂಗ್ ಬಳಿದೇ ಇರಲಿಲ್ಲ. ಫೋನ್ ಮಾಡಿದರೆ ಕಂಟ್ರಾಕ್ಟರ್ ಎತ್ತಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಿಂತ ಜಾಸ್ತಿ ಇನ್ನೊಂದಕ್ಕೆ. ಆ ಟೈಲ್ಸ್ ಕೂರಿಸಿದ ದಿನ ನಾನು ಪಕ್ಕದ ರೂಮಿನಲ್ಲೇ ಇದ್ದೆ. ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು.

ಎರಡನೇ ಸಲ ಇಡೀ ಮನೆ. ಏಳು ತಿಂಗಳ ಕೆಲಸ, ಬೇರೆ ಕಂಟ್ರಾಕ್ಟರ್. ಮೊದಲ ದಿನವೇ ಅವರಿಗೆ ಒಂದು ಮಾತು ಹೇಳಿದೆ: "ಏನನ್ನೇ ಮುಚ್ಚುವ ಮುಂಚೆ ನನಗೆ ತೋರಿಸಿ." ಅವರು, "ಆಯ್ತು ಮೇಡಂ, ನನಗೂ ಅದೇ ಒಳ್ಳೇದು" ಅಂದರು. ಕೆಳಗೆ ಬರೆದಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು. ಇನ್ನರ್ಧ ಮೊದಲ ಸಲದ ಪೆಟ್ಟಿನಿಂದ ಕಲಿತದ್ದು.

ಮೊದಲು ನೀವೇ ಒಂದು ಸುತ್ತು ನೋಡಿ

ಕಂಟ್ರಾಕ್ಟರನ್ನು ಕರೆಸುವ ಮೊದಲು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ಪೆನ್ಸಿಲ್ ಹಿಡಿದು ಮನೆಯೆಲ್ಲ ಓಡಾಡಿ. ಅವಸರ ಬೇಡ. ಸಾಧ್ಯವಾದರೆ ಒಂದು ಮಳೆಗಾಲ ಕಳೆಯುವ ತನಕ ನೋಡಿ. ಹಳೇ ಮನೆಯ ಕಾಯಿಲೆ ಎಲ್ಲ ಮಳೆಯಲ್ಲೇ ಹೊರಗೆ ಬರುವುದು.

ಗೋಡೆಯಲ್ಲಿ ಬಿರುಕು ಕಂಡರೆ ಗಾಬರಿಯಾಗಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಎರಡು ಮೂರು ತಿಂಗಳು ಬಿಟ್ಟು ನೋಡಿ. ಗೆರೆ ದಾಟಿ ಬೆಳೆದಿದ್ದರೆ ಮನೆ ಇನ್ನೂ ಅಲುಗಾಡುತ್ತಿದೆ ಎಂದರ್ಥ. ಅಲ್ಲೇ ನಿಂತಿದ್ದರೆ ಅದು ಎಂದೋ ಆಗಿ ಮುಗಿದ ಬಿರುಕು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಹಳ ಸಲ ಪ್ಲಾಸ್ಟರಿನವು ಮಾತ್ರ. 5 ಮಿಲಿಮೀಟರಿಗಿಂತ ಅಗಲ ಇದ್ದರೆ, ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಹೋಗಿದ್ದರೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ, ಇಂಜಿನಿಯರಿಗೆ ತೋರಿಸಲೇಬೇಕು.

ತೇವದ ಜಾತಿಯನ್ನೂ ಗುರುತಿಸಿಕೊಳ್ಳಿ. ಗೋಡೆಯ ಬುಡದಿಂದ ಮೂರು ಅಡಿ ಎತ್ತರದವರೆಗೆ ಪಟ್ಟಿಯ ಹಾಗೆ ಬಣ್ಣ ಉದುರುತ್ತಿದ್ದರೆ, ಬಿಳಿ ಉಪ್ಪು ಕಾಣುತ್ತಿದ್ದರೆ, ನೆಲದ ನೀರನ್ನು ಗೋಡೆ ಮೇಲಕ್ಕೆ ಹೀರುತ್ತಿದೆ. ಮಳೆ ಬಂದಾಗ ಮಾತ್ರ ಕಪ್ಪಾಗಿ ಆಮೇಲೆ ಒಣಗುವ ಕಲೆ ತಾರಸಿಯದ್ದೋ ಸಜ್ಜದ್ದೋ ಆಗಿರುತ್ತದೆ. ಬೇಸಿಗೆಯಲ್ಲೂ ಒಣಗದ ಕಲೆ ಇದ್ದರೆ ಪೈಪನ್ನು ಅನುಮಾನಿಸಿ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸಿದರೆ ಒಂದು ವರ್ಷವೂ ನಿಲ್ಲುವುದಿಲ್ಲ.

ಸೀಲಿಂಗಿನ ಪ್ಲಾಸ್ಟರ್ ಉದುರಿ ಒಳಗೆ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದನ್ನು ಬರೀ ಗಾರೆ ಮೆತ್ತಿ ಮುಚ್ಚಲು ಬಿಡಬೇಡಿ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಕಾಂಕ್ರೀಟನ್ನು ಒಳಗಿನಿಂದ ಒಡೆಯುವುದೇ ಅದು. ಸುತ್ತಲಿನ ಸಡಿಲ ಕಾಂಕ್ರೀಟ್ ತೆಗೆದು, ಕಂಬಿಯ ತುಕ್ಕು ಉಜ್ಜಿ, ಎಷ್ಟು ಸವೆದಿದೆ ಎಂದು ಅಳೆದು, ಬೇಕಾದರೆ ಹೊಸ ಕಂಬಿ ಸೇರಿಸಿ, ಆಮೇಲೆ ಮುಚ್ಚಬೇಕು. ಬಾಗಿಲು ಚೌಕಟ್ಟಿನ ಬುಡವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಗೆದ್ದಲು ಅಥವಾ ಕೊಳೆತ.

ಇಷ್ಟಾದ ಮೇಲೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ನೀವೇ ಫೀಸು ಕೊಟ್ಟು ಕರೆಸಿ. ಕಂಟ್ರಾಕ್ಟರ್ ಕಡೆಯವರು ಬೇಡ. ಕೆಲಸ ಸಿಗಲಿ ಎಂಬ ಆಸೆ ಇಲ್ಲದವರು ನೋಡಿದರೆ ಇರುವುದನ್ನು ಇರುವ ಹಾಗೆ ಹೇಳುತ್ತಾರೆ. ನಮ್ಮ ಇಂಜಿನಿಯರ್ ಎರಡು ಗಂಟೆ ಓಡಾಡಿ ನಾಲ್ಕು ಪುಟದ ರಿಪೋರ್ಟು ಕೊಟ್ಟರು. ಮುಂದೆ ಏಳು ತಿಂಗಳಲ್ಲಿ ಬಂದ ಜಗಳಗಳಲ್ಲಿ ಮುಕ್ಕಾಲು ಪಾಲು ಆ ನಾಲ್ಕು ಪುಟದಿಂದಲೇ ತೀರಿದವು.

ಕಂಟ್ರಾಕ್ಟರನ್ನು ಹುಡುಕುವಾಗ

ಮೂರು ಜನರ ಹತ್ತಿರ ಕೊಟೇಷನ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೂವರಿಗೂ ನಿಮ್ಮದೇ ಒಂದು ಪಟ್ಟಿ ಕೊಡದಿದ್ದರೆ ಆ ಮೂರು ಕಾಗದವನ್ನು ಪಕ್ಕ ಪಕ್ಕ ಇಟ್ಟು ಪ್ರಯೋಜನವಿಲ್ಲ. ಒಬ್ಬರು "ಬಚ್ಚಲುಮನೆ ರಿಪೇರಿ" ಎಂದು ಒಂದೇ ಸಾಲು ಬರೆಯುತ್ತಾರೆ. ಇನ್ನೊಬ್ಬರು ಹಳೇ ಟೈಲ್ಸ್ ಒಡೆಯುವುದು, ಅವಶೇಷ ಸಾಗಿಸುವುದು, ಪೈಪ್ ಬದಲಿಸುವುದು, ವಾಟರ್‌ಪ್ರೂಫಿಂಗ್, ಟೈಲ್ಸ್, ಫಿಟ್ಟಿಂಗ್ ಎಂದು ಬಿಡಿಸಿ ಬರೆಯುತ್ತಾರೆ. ಕಡಿಮೆ ಮೊತ್ತ ಯಾವಾಗಲೂ ಒಂದೇ ಸಾಲಿನವರದ್ದು. ಬಿಟ್ಟುಹೋದದ್ದೆಲ್ಲ ಆಮೇಲೆ "ಎಕ್ಸ್‌ಟ್ರಾ" ಎಂದು ಬರುತ್ತದೆ. ಹಾಗಾಗಿ ರೂಮು ರೂಮಿಗೆ ಏನೇನು ಆಗಬೇಕು ಎಂದು ನೀವೇ ಬರೆದು ಮೂವರಿಗೂ ಅದೇ ಪಟ್ಟಿ ಕೊಡಿ.

ತಾರಸಿ ಹತ್ತದೆ, ಒಂದು ಬೋರ್ಡೂ ಬಿಚ್ಚದೆ, ಹಾಲಿನಲ್ಲಿ ನಿಂತೇ ರೇಟು ಹೇಳುವವರನ್ನು ಬಿಟ್ಟುಬಿಡಿ. ನಾನು ಕೆಲಸ ಕೊಟ್ಟವರು ಮೊದಲ ದಿನ ಮಾಡಿದ್ದು ಇಷ್ಟು: ಜೇಬಿನಿಂದ ಒಂದು ನಾಣ್ಯ ತೆಗೆದು ಗೋಡೆಯುದ್ದಕ್ಕೂ ಟಕ್ ಟಕ್ ಎಂದು ತಟ್ಟುತ್ತಾ ಹೋದರು. ಸದ್ದು ಗಟ್ಟಿಯಾಗಿರುವಲ್ಲಿ ಸುಮ್ನೆ ಮುಂದೆ ಹೋದರು. ಡೊಬ್ ಎಂದು ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಊಟದ ಕೋಣೆಯ ಒಂದೇ ಗೋಡೆಯಲ್ಲಿ ಹನ್ನೊಂದು ಸುತ್ತು ಬಿದ್ದವು. "ಇಷ್ಟು ಪ್ಲಾಸ್ಟರ್ ಇಟ್ಟಿಗೆ ಬಿಟ್ಟಿದೆ. ಮಿಕ್ಕಿದ್ದು ಚೆನ್ನಾಗಿದೆ, ಅದನ್ನು ಮುಟ್ಟೋದು ಬೇಡ" ಅಂದರು. ಬೇರೆ ಇಬ್ಬರು ಪೂರ್ತಿ ಮನೆ ಪ್ಲಾಸ್ಟರ್ ಕೆತ್ತಬೇಕು ಎಂದಿದ್ದರು.

ಅವರು ಹಿಂದೆ ಮಾಡಿದ ಕೆಲಸ ನೋಡಲು ಹೋಗುವಾಗ ಈಗಷ್ಟೇ ಮುಗಿದ ಮನೆಗೆ ಹೋಗಬೇಡಿ. ಹೊಸದರಲ್ಲಿ ಎಲ್ಲ ಮನೆಯೂ ಚೆಂದ. ಎರಡು ಮಳೆಗಾಲ ಕಂಡ ಮನೆ ಕೇಳಿ. ಅಲ್ಲಿಯವರನ್ನು "ಕೆಲಸ ಚೆನ್ನಾಗಿದೆಯಾ?" ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. "ಆಮೇಲೆ ಏನಾದರೂ ತೊಂದರೆ ಬಂತಾ? ಫೋನ್ ಮಾಡಿದ ಮೇಲೆ ಎಷ್ಟು ದಿನಕ್ಕೆ ಬಂದರು?" ಎಂದು ಕೇಳಿ. ಇನ್ನೂ ನಡೆಯುತ್ತಿರುವ ಒಂದು ಕೆಲಸವನ್ನೂ ಹೋಗಿ ನೋಡಿ. ಸಿಮೆಂಟ್ ಚೀಲ ನೆಲಕ್ಕೆ ತಾಗದಂತೆ ಹಲಗೆ ಮೇಲಿದೆಯಾ, ಉಳಿಸಬೇಕಾದ ನೆಲದ ಮೇಲೆ ಏನಾದರೂ ಹಾಸಿದ್ದಾರಾ, ಕೆಲಸದವರ ಕಾಲಲ್ಲಿ ಬೂಟು ಇದೆಯಾ ಎಂದು ಗಮನಿಸಿ. ದಿನಾ ಸೈಟಿನಲ್ಲಿ ಇರುವ ಮೇಸ್ತ್ರಿ ಯಾರು ಎಂದು ಹೆಸರು ಹಿಡಿದು ಕೇಳಿ. ಮಾತಾಡುವವರು ಒಬ್ಬರು, ಕೆಲಸ ಮಾಡಿಸುವವರು ಇನ್ನೊಬ್ಬರು ಆಗಿರುವುದು ತಪ್ಪಲ್ಲ. ಆದರೆ ಆ ಇನ್ನೊಬ್ಬರನ್ನು ನೀವು ಮೊದಲೇ ನೋಡಿರಬೇಕು. ಕೆಲಸದವರಿಗೆ ಪೆಟ್ಟಾದರೆ ಹೊಣೆ ಯಾರದ್ದು, ವಿಮೆ ಇದೆಯಾ ಎಂಬುದನ್ನೂ ಈಗಲೇ ಕೇಳಿ.

ಕಾಗದದ ಮೇಲೆ

ಹಳೇ ಮನೆಗೂ ಹೊಸ ಮನೆಗೂ ಇರುವ ದೊಡ್ಡ ವ್ಯತ್ಯಾಸ ಎಂದರೆ, ಹಳೇ ಮನೆಯಲ್ಲಿ ಎಷ್ಟು ಕೆಲಸ ಇದೆ ಎಂದು ಒಡೆದ ಮೇಲೇ ತಿಳಿಯುವುದು. ಆದ್ದರಿಂದ ಎಲ್ಲವನ್ನೂ ಒಂದೇ ಮೊತ್ತಕ್ಕೆ ಒಪ್ಪಿಸುವುದು ಇಬ್ಬರಿಗೂ ಒಳ್ಳೆಯದಲ್ಲ. ಕಂಟ್ರಾಕ್ಟರ್ ಭಯಕ್ಕೆ ಜಾಸ್ತಿ ಹೇಳುತ್ತಾರೆ, ಅಥವಾ ಕಡಿಮೆ ಹೇಳಿ ಆಮೇಲೆ ಕೆಲಸ ತೆಳ್ಳಗೆ ಮಾಡುತ್ತಾರೆ. ನಾವು ಎರಡು ಭಾಗ ಮಾಡಿದೆವು. ಕಣ್ಣಿಗೆ ಕಾಣುವ ಕೆಲಸಕ್ಕೆ, ಅಂದರೆ ಟೈಲ್ಸ್, ಬಾಗಿಲು, ಬಣ್ಣ, ಇವಕ್ಕೆ ನಿಗದಿ ಮೊತ್ತ. ಒಳಗಿರುವ ಕೆಲಸಕ್ಕೆ ಅಳತೆ ಲೆಕ್ಕ: ಪ್ಲಾಸ್ಟರಿಗೆ ಚದರ ಅಡಿಗೆ ಇಷ್ಟು, ಪೈಪಿಗೆ ಅಡಿಗೆ ಇಷ್ಟು, ಪ್ರತಿ ವೈರಿಂಗ್ ಪಾಯಿಂಟಿಗೆ ಇಷ್ಟು. ಒಡೆದ ಮೇಲೆ ಇಬ್ಬರೂ ಕೂಡಿ ಟೇಪು ಹಿಡಿದು ಅಳೆದೆವು. ಅಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ.

ಒಟ್ಟು ಅಂದಾಜಿನ ಮೇಲೆ 15ರಿಂದ 20 ಶೇಕಡಾ ದುಡ್ಡನ್ನು ಬೇರೆ ತೆಗೆದಿಡಿ. ಅದರಲ್ಲಿ ದೊಡ್ಡ ಟಿವಿ, ಒಳ್ಳೇ ಸೋಫಾ ಎಂದು ಯೋಚಿಸಬೇಡಿ. ಅದು ಗೋಡೆಯೊಳಗೆ ಹೋಗುವ ದುಡ್ಡು. ನಮ್ಮಲ್ಲಿ ಅದು ಪೂರ್ತಿ ಖರ್ಚಾಯಿತು.

ಹಣವನ್ನು ತಾರೀಕು ನೋಡಿ ಕೊಡಬೇಡಿ, ಮುಗಿದ ಕೆಲಸ ನೋಡಿ ಕೊಡಿ. ಒಡೆಯುವುದು ಮುಗಿದಾಗ ಇಷ್ಟು, ಪೈಪು ವೈರಿಂಗ್ ಪರೀಕ್ಷೆಯಾದಾಗ ಇಷ್ಟು, ಪ್ಲಾಸ್ಟರ್ ಮುಗಿದಾಗ ಇಷ್ಟು, ಹೀಗೆ. ಅಡ್ವಾನ್ಸು ಸಾಮಾನು ತರಲು ಮತ್ತು ಮೊದಲ ಹಂತಕ್ಕೆ ಸಾಕಾಗುವಷ್ಟಿರಲಿ. ಕೊನೆಗೆ 5ರಿಂದ 10 ಶೇಕಡಾ ಹಿಡಿದಿಟ್ಟುಕೊಳ್ಳುವ ಮಾತು ಕರಾರಿನಲ್ಲೇ ಇರಲಿ, ಎಷ್ಟು ತಿಂಗಳ ಮೇಲೆ ಕೊಡುತ್ತೀರಿ ಎಂಬುದೂ ಇರಲಿ. ಹಾಗೆಯೇ ಒಪ್ಪಿದ ದುಡ್ಡನ್ನು ಒಪ್ಪಿದ ದಿನ ಕೊಡುವುದು ನಿಮ್ಮ ಧರ್ಮ. ಕಂಟ್ರಾಕ್ಟರ್ ಕೈಯಲ್ಲಿ ದುಡ್ಡಿಲ್ಲದ ವಾರ ಒಳ್ಳೇ ಗಾರೆಯವರು ಬೇರೆ ಸೈಟಿಗೆ ಹೋಗಿಬಿಡುತ್ತಾರೆ.

ಸಣ್ಣದು ಎನಿಸುವ ಕೆಲವು ಮಾತುಗಳೂ ಕರಾರಿನಲ್ಲಿರಲಿ. ಅವಶೇಷ ಸಾಗಿಸುವವರು ಯಾರು? ನೀರು, ಕರೆಂಟು ಯಾರದ್ದು? ಸಾಮಾನು ಯಾವ ಬ್ರಾಂಡು, ಯಾವ ದಪ್ಪ? ಕೆಲಸದ ಹೊತ್ತು ಎಷ್ಟರಿಂದ ಎಷ್ಟು? ಹಳೇ ಮರ, ಕಬ್ಬಿಣ ಯಾರಿಗೆ ಸೇರಬೇಕು? ಮತ್ತೆ, ನಡುವೆ ಏನೇ ಬದಲಾದರೂ ಅದನ್ನು ಬರೆದು, ಎಷ್ಟು ಖರ್ಚು, ಎಷ್ಟು ದಿನ ಜಾಸ್ತಿ ಎಂದು ನಮೂದಿಸಿ, ಇಬ್ಬರೂ ಸಹಿ ಹಾಕಿದ ಮೇಲೇ ಕೆಲಸ ಶುರುವಾಗಬೇಕು. ಮೆಟ್ಟಿಲ ಮೇಲೆ ನಿಂತು "ಇದನ್ನೂ ಮಾಡಿಬಿಡಿ" ಎಂದದ್ದು ಬಿಲ್ಲಿನಲ್ಲಿ ಬಂದಾಗ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ.

ಸರ್ಕಾರದ ಅನುಮತಿ ಬೇಕಾ ಎಂದು ಸ್ಥಳೀಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಗೋಡೆ ಹಂಚಿಕೊಂಡಿರುವ ಪಕ್ಕದ ಮನೆಯವರಿಗೆ ಮುಂಚೆ ಹೇಳಿ, ಅವರ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಒಡೆಯುವ ದಿನಗಳು

ಅಡುಗೆಮನೆ, ಊಟದ ಕೋಣೆ ನಡುವಿನ ಗೋಡೆ ತೆಗೆದು ಒಂದು ಮಾಡಬೇಕು ಎಂಬುದು ನನ್ನ ಬಹಳ ದಿನದ ಆಸೆ. ಎಲ್ಲರಿಗೂ ಇರುವ ಆಸೆಯೇ. ಆದರೆ ಹಳೇ ಮನೆಯಲ್ಲಿ ಸಾಮಾನ್ಯವಾಗಿ ಪಿಲ್ಲರ್ ಇರುವುದಿಲ್ಲ. ಗೋಡೆಗಳೇ ಭಾರ ಹೊರುವುದು. ಒಂಬತ್ತಿಂಚಿನ ಗೋಡೆ ಎಂದರೆ ಭಾರ ಹೊತ್ತಿದೆ ಎಂದೇ ಅಂದುಕೊಳ್ಳಿ. ನಾಲ್ಕೂವರೆ ಇಂಚಿನದ್ದು ಬರೀ ಅಡ್ಡಗೋಡೆ ಇರಬಹುದು, ಆದರೆ ಅದನ್ನೂ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ನಮ್ಮದು ಒಂಬತ್ತಿಂಚು, ಅದರ ನೇರಕ್ಕೆ ಮಹಡಿಯ ಗೋಡೆ ನಿಂತಿತ್ತು. ಇಂಜಿನಿಯರ್ ಲೆಕ್ಕ ಹಾಕಿ ಕಬ್ಬಿಣದ ತೊಲೆ ಹೇಳಿದರು. ಮೊದಲು ಎರಡೂ ಕಡೆ ಜಾಕಿ ಕೊಟ್ಟು ಮೇಲಿನ ಭಾರ ಹಿಡಿದರು. ಆಮೇಲೆ ಸ್ವಲ್ಪ ಸ್ವಲ್ಪವೇ ಇಟ್ಟಿಗೆ ಬಿಡಿಸಿ, ತೊಲೆ ಕೂರಿಸಿ, ಎರಡೂ ತುದಿಗೆ ಕಾಂಕ್ರೀಟ್ ದಿಂಬು ಕೊಟ್ಟು, ಅದು ಗಟ್ಟಿಯಾದ ಮೇಲೆ ಕೆಳಗಿನ ಗೋಡೆ ತೆಗೆದರು. ಹನ್ನೆರಡು ದಿನ ಹಿಡಿಯಿತು. "ಒಂದೇ ದಿನದಲ್ಲಿ ಒಡೆದು ಕೊಡ್ತೀನಿ" ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಸುತ್ತಿಗೆ ಕೊಡಬೇಡಿ.

ಸುಣ್ಣದ ಗೋಡೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಹಳೇ ಮನೆಗಳು ಹಾಳಾಗುವುದು ಇಲ್ಲೇ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಜನ ಸುಣ್ಣದಲ್ಲಿ ಕಟ್ಟಿದ್ದಾರೆ, ಸಿಮೆಂಟ್ ಬಂದ ಮೇಲೂ ಬಹಳ ಕಾಲ ಕಟ್ಟಿದ್ದಾರೆ. ಸುಣ್ಣದ ಗಾರೆ ಮೆದು, ಉಸಿರಾಡುತ್ತದೆ. ಗೋಡೆಯೊಳಗೆ ಹೋದ ತೇವ ಅದರ ಮೂಲಕ ಹೊರಗೆ ಬಂದು ಆರುತ್ತದೆ. ಇಂಥ ಗೋಡೆಗೆ ಮೇಲಿನಿಂದ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ಅದು ಇಟ್ಟಿಗೆಯಲ್ಲೇ ನಿಂತು, ಉಪ್ಪು ಕಟ್ಟಿ, ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ನಮ್ಮ ಹಿಂದಿನ ಗೋಡೆಗೆ ಹಿಂದೆ ಯಾವಾಗಲೋ ಸಿಮೆಂಟ್ ಬಳಿದಿದ್ದರು. ಅದನ್ನು ಕೆತ್ತಿದಾಗ ಹಾಳೆ ಹಾಳೆಯಾಗಿ ಎದ್ದು ಬಂತು, ಜೊತೆಗೆ ಅರ್ಧ ಇಂಚು ಇಟ್ಟಿಗೆಯೂ ಬಂತು. ಬೆರಳಿನಿಂದ ಗೀರಿದರೆ ಕೆಂಪು ಪುಡಿ ಉದುರುತ್ತಿತ್ತು. ಪಕ್ಕದ ಗೋಡೆಯಲ್ಲಿ ಅಜ್ಜನ ಕಾಲದ ಸುಣ್ಣ ಇದ್ದಲ್ಲಿ ಇಟ್ಟಿಗೆ ಹಾಗೇ ಇತ್ತು. ನಾನು ಎರಡನ್ನೂ ಮುಟ್ಟಿ ನೋಡಿದೆ. ಅಲ್ಲಿಂದ ಮುಂದೆ ಹಳೇ ಗೋಡೆಗೆಲ್ಲ ಸುಣ್ಣದ ಪ್ಲಾಸ್ಟರೇ ಮಾಡಿಸಿದೆವು. ಸುಣ್ಣ ಬಲ್ಲ ಗಾರೆಯವರು ಸಿಗುವುದು ಕಷ್ಟ, ಕೆಲಸ ನಿಧಾನ, ಆರಲು ದಿನ ಬೇಕು. ಅದಕ್ಕೇ ಕಂಟ್ರಾಕ್ಟರನ್ನು ಆರಿಸುವಾಗಲೇ "ಸುಣ್ಣದ ಕೆಲಸ ಮಾಡಿಸಿದ್ದೀರಾ, ಎಲ್ಲಿ?" ಎಂದು ಕೇಳಬೇಕು. ಇಂಥ ಗೋಡೆಗೆ ಬಣ್ಣವೂ ಉಸಿರಾಡುವಂಥದ್ದೇ ಬೇಕು, ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುವುದು ಬೇಡ.

ಧೂಳಿನ ಬಗ್ಗೆ ದಯವಿಟ್ಟು ಎಚ್ಚರ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಅಮೆರಿಕದಲ್ಲಿ ಮನೆ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದೇ 1978ರಲ್ಲಿ, ಎಷ್ಟೋ ದೇಶಗಳಲ್ಲಿ ಇನ್ನೂ ತಡ. ಬಾಗಿಲು ಕಿಟಕಿಯ ಹಳೇ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ. ಅದು ಮಕ್ಕಳ ಮಿದುಳಿಗೆ ವಿಷ. ಒದ್ದೆ ಮಾಡಿ ಉಜ್ಜಿಸಿ, ಮಾಸ್ಕ್ ಹಾಕಿಸಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಇಡಿ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು, ಹಳೇ ಕಲ್ನಾರಿನ ಪೈಪು ಇದ್ದರೆ ಒಡೆಯಬಾರದು, ಕೊರೆಯಬಾರದು, ಗರಗಸ ಹಾಕಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಿ ಬರಬಹುದು. ಅದನ್ನು ತೆಗೆಯುವುದು ತಿಳಿದವರ ಕೆಲಸ. ಒದ್ದೆ ಮಾಡಿ ಇಡಿಯಾಗಿ ಇಳಿಸಿ, ಸುತ್ತಿ ಸಾಗಿಸಬೇಕು. ನಿಮ್ಮ ಆರೋಗ್ಯದಷ್ಟೇ ಆ ಕೆಲಸದವರ ಆರೋಗ್ಯವೂ ಮುಖ್ಯ, ಅಲ್ವಾ?

ಮುಚ್ಚುವ ಮುಂಚೆ

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಗೋಡೆಯನ್ನು ಉದ್ದಕ್ಕೆ ಕೊರೆದು ಪೈಪು, ವೈರು ಹಾಯಿಸಿದ ಮೇಲೆ, ಪ್ಲಾಸ್ಟರ್ ಆಗುವ ಮೊದಲು ಒಂದೆರಡು ದಿನ ಎಲ್ಲವೂ ಕಣ್ಣೆದುರಿಗೆ ಇರುತ್ತದೆ. ಆ ದಿನಗಳಲ್ಲಿ ರಜೆ ಹಾಕಿ.

ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಬರೀ ಫೋಟೋ ಅಲ್ಲ, ಗೋಡೆಗೆ ಟೇಪು ಬಿಚ್ಚಿ ಹಿಡಿದು, ಅದರ ಅಂಕಿ ಕಾಣುವ ಹಾಗೆ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು. ಮೂರು ತಿಂಗಳ ಹಿಂದೆ ಗೋಡೆಗೆ ಒಂದು ಕಪಾಟು ಹಾಕಬೇಕಾಯಿತು. ಡ್ರಿಲ್ ಹಿಡಿದು ಬಂದವರಿಗೆ ಫೋನಿನಲ್ಲಿ ಆ ಫೋಟೋ ತೋರಿಸಿದೆ. ಅವರು ತೂತು ಹಾಕಬೇಕೆಂದಿದ್ದ ಜಾಗದಿಂದ ಎರಡು ಬೆರಳು ದೂರದಲ್ಲಿ ನೀರಿನ ಪೈಪು ಇತ್ತು.

ಹಳೇ ವೈರನ್ನು ಉಳಿಸಿಕೊಳ್ಳುವ ಆಸೆ ಬೇಡ. ಆ ಕಾಲದಲ್ಲಿ ನಾಲ್ಕು ದೀಪ, ಎರಡು ಫ್ಯಾನಿಗೆ ಹಾಕಿದ್ದು. ಸಾಮಾನ್ಯವಾಗಿ ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಏಸಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಹಾಕುತ್ತಾರೆ. ವೈರಿನ ಮೇಲೇ ಅಂಕಿ ಅಚ್ಚಾಗಿರುತ್ತದೆ, ಓದಿ ನೋಡಿ. ಪ್ರತಿ ಪ್ಲಗ್ಗಿಗೂ ಅರ್ಥಿಂಗ್ ವೈರು ಬಂದಿದೆಯಾ ನೋಡಿ. ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇದೆ ಎಂದು ನೆಮ್ಮದಿಯಾಗಬೇಡಿ. ಅದು ವೈರು ಸುಡದಂತೆ ಕಾಯುತ್ತದೆ. ಶಾಕ್ ಹೊಡೆದಾಗ ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ಒತ್ತಿದರೆ ತಟ್ಟನೆ ಬೀಳಬೇಕು.

ಪೈಪಿಗೆ ಪ್ಲಂಬರ್ ಒಂದು ಕೈ ಪಂಪು, ಗೇಜು ಜೋಡಿಸಿ ಒತ್ತಡ ಕೊಡುತ್ತಾರೆ. ಮುಳ್ಳು ಎಲ್ಲಿ ನಿಂತಿದೆ ಎಂದು ಫೋಟೋ ತೆಗೆದು, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಈ ಪರೀಕ್ಷೆಗೆ ಮೊದಲು ಒಂದು ಬಾಂಡ್ಲಿ ಗಾರೆಯೂ ಗೋಡೆಗೆ ಬೀಳಬಾರದು.

ಇನ್ನು ಬಚ್ಚಲುಮನೆ. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿಸಿ, ನೆಲ ಪೂರ್ತಿ ಮುಳುಗುವಂತೆ ಎರಡು ಇಂಚು ನೀರು ನಿಲ್ಲಿಸಿ. ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ. ಕಡಿಮೆ ಎಂದರೂ 24 ಗಂಟೆ ಬಿಡಬೇಕು, ನಾನು 48 ಗಂಟೆ ಬಿಟ್ಟೆ. ನಮ್ಮ ಕಂಟ್ರಾಕ್ಟರ್ ಇನ್ನೊಂದು ಕೆಲಸ ಮಾಡಿದರು. ಒಂದು ಬಕೆಟ್ಟಿಗೆ ನೀರು ತುಂಬಿ, ಅದಕ್ಕೂ ಗೆರೆ ಹಾಕಿ, ಅದೇ ಬಚ್ಚಲಲ್ಲಿ ಇಟ್ಟರು. ಬಕೆಟ್ಟಿನ ನೀರು ಆವಿಯಾಗಿ ಎಷ್ಟು ಇಳಿಯುತ್ತದೋ ನೆಲದ ನೀರೂ ಸುಮಾರು ಅಷ್ಟೇ ಇಳಿಯಬೇಕು. ಅದಕ್ಕಿಂತ ಜಾಸ್ತಿ ಇಳಿದರೆ ನೀರು ಕೆಳಗೆ ಹೋಗುತ್ತಿದೆ. ಎರಡನೇ ದಿನ ಸಂಜೆ ನಾನು ಮೊಣಕಾಲೂರಿ ಆ ಗೆರೆ ನೋಡಿದೆ. ಎರಡರಲ್ಲೂ ನೂಲಿನಷ್ಟು ವ್ಯತ್ಯಾಸ. ಕೆಳಗಿನ ರೂಮಿಗೆ ಓಡಿ ಹೋಗಿ ಸೀಲಿಂಗಿಗೆ ಅಂಗೈ ಒತ್ತಿದೆ. ಒಣಗಿತ್ತು. ಮೊದಲ ಸಲದ ಕಲೆ ಬಂದಿದ್ದ ಜಾಗವೇ ಅದು. ಟೈಲ್ಸ್ ಹಾಕಿದ ಮೇಲೆ ಇನ್ನೊಂದು ಸಲ ನೀರು ನಿಲ್ಲಿಸಿ ನೋಡಿದೆವು, ಯಾಕೆಂದರೆ ಟೈಲ್ಸ್ ಕೂರಿಸುವಾಗ ಬಿದ್ದ ಒಂದು ಉಳಿ ಪೆಟ್ಟು ಸಾಕು ಆ ಪದರ ಕಿತ್ತುಹೋಗಲು. ನೆಲದ ಇಳಿಜಾರನ್ನೂ ಆಗಲೇ ನೋಡಿ. ಒಂದು ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ಇಳಿದರೆ ನೀರು ತಾನಾಗಿ ಹೋಗುತ್ತದೆ.

ಕಾಯುವ ಕೆಲಸ

ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಮೊದಲು ತಾರಸಿ ಸೋರದಂತೆ ಮಾಡಿ. ಆಮೇಲೆ ತೊಲೆ, ಗೋಡೆ. ಆಮೇಲೆ ಪೈಪು, ವೈರಿಂಗ್. ಆಮೇಲೆ ಪ್ಲಾಸ್ಟರ್, ನೆಲ, ಮರಗೆಲಸ, ಕೊನೆಗೆ ಬಣ್ಣ. ಕಾಂಕ್ರೀಟಿಗೆ ಕನಿಷ್ಠ 7 ದಿನ ಬಿಡದೆ ನೀರು ಹಾಕಿಸಿ. ಅದರ ಶಕ್ತಿಯನ್ನು ಅಳೆಯುವುದೇ 28 ದಿನಕ್ಕೆ. ಕ್ಯೂರಿಂಗ್ ಎಂದರೆ ಬೆಳಿಗ್ಗೆ ಒಂದು ಸಲ ಪೈಪು ಹಿಡಿದು ಚಿಮುಕಿಸುವುದಲ್ಲ. ಒದ್ದೆ ಗೋಣಿಚೀಲ ಹೊದಿಸಿ, ಅದು ಒಣಗದಂತೆ ನೋಡಿಕೊಳ್ಳಬೇಕು. ಹೊಸ ಪ್ಲಾಸ್ಟರ್ ಸುಮಾರು ನಾಲ್ಕು ವಾರ ಆರಿದ ಮೇಲೆ ಬಣ್ಣ. ಎಲ್ಲರೂ ಅವಸರ ಮಾಡುವುದು ಇಲ್ಲೇ, ಏಕೆಂದರೆ ಗೃಹಿಣಿಯಿಂದ ಹಿಡಿದು ಕಂಟ್ರಾಕ್ಟರ್ ತನಕ ಎಲ್ಲರಿಗೂ ಅಷ್ಟು ಹೊತ್ತಿಗೆ ಸಾಕಾಗಿರುತ್ತದೆ. ದಯವಿಟ್ಟು ಕಾಯಿರಿ.

ಟೈಲ್ಸ್ ತರುವಾಗ ಲೆಕ್ಕಕ್ಕಿಂತ 10 ಶೇಕಡಾ ಜಾಸ್ತಿ ತನ್ನಿ. ಎಲ್ಲ ಡಬ್ಬದ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಬೇರೆ ಬ್ಯಾಚಿನದ್ದು ಅದೇ ಬಣ್ಣವಾದರೂ ಒಂದು ಛಾಯೆ ಹೆಚ್ಚುಕಮ್ಮಿ ಇರುತ್ತದೆ. ಉಳಿದದ್ದನ್ನು ಅಟ್ಟದಲ್ಲಿ ಇಟ್ಟುಕೊಳ್ಳಿ.

ಮನೆಯಲ್ಲಿದ್ದುಕೊಂಡೇ ಕೆಲಸ ಮಾಡಿಸುವುದಾದರೆ ಒಂದು ರೂಮು, ಒಂದು ಬಚ್ಚಲು ಕೊನೆಯವರೆಗೆ ಮುಟ್ಟದೆ ಬಿಡಿ. ನಮ್ಮ ಅಮ್ಮನಿಗೆ ಧೂಳು ಆಗುವುದಿಲ್ಲ, ಅವರನ್ನು ತಂಗಿಯ ಮನೆಗೆ ಕಳಿಸಿದೆವು. ವಯಸ್ಸಾದವರಿದ್ದರೆ ಹಾಗೆ ಮಾಡುವುದೇ ಒಳ್ಳೆಯದು.

ಮಾತು ಒಂದೇ ಬಾಯಿಂದ

ಮನೆಯಲ್ಲಿ ಮೂರು ಜನರಿದ್ದು ಮೂವರೂ ಮೇಸ್ತ್ರಿಗೆ ಒಂದೊಂದು ಹೇಳಿದರೆ ಕೆಲಸ ಕೆಟ್ಟಿತು ಅನ್ನಿ. ನಮ್ಮಲ್ಲಿ ಸೈಟಿನ ಮಾತೆಲ್ಲ ನಾನೊಬ್ಬಳೇ ಆಡಬೇಕು ಎಂದು ತೀರ್ಮಾನಿಸಿದೆವು. ನಾನೂ ಗಾರೆಯವರಿಗೆ ನೇರ ಹೇಳುತ್ತಿರಲಿಲ್ಲ, ಕಂಟ್ರಾಕ್ಟರಿಗೆ ಹೇಳುತ್ತಿದ್ದೆ. ಅಪಾಯ ಕಂಡರೆ ಮಾತ್ರ ಕೆಲಸ ನಿಲ್ಲಿಸಿ ಎಂದು ಯಾರಿಗಾದರೂ ಹೇಳಬಹುದು.

ಒಂದು ರೂಲ್ಡ್ ಪುಸ್ತಕ ಇಟ್ಟಿದ್ದೆ. ದಿನಾ ಎಷ್ಟು ಜನ ಬಂದರು, ಏನು ಆಯಿತು, ಯಾವ ಸಾಮಾನು ಬಂತು, ಏನು ಮಾತಾಯಿತು ಎಂದು ನಾಲ್ಕೈದು ಸಾಲು. ವಾರಕ್ಕೊಮ್ಮೆ ಕಂಟ್ರಾಕ್ಟರ್ ಬಂದು ಕುಳಿತು ಅದನ್ನು ಓದಿ ಸಹಿ ಹಾಕುತ್ತಿದ್ದರು. ಒಂದು ಸಲ ಮಹಡಿಯ ಕಿಟಕಿ ಎತ್ತರ ತಪ್ಪಾಗಿ ಕೂತಿತು. ಅವರ ಪ್ರಕಾರ ನಾನೇ ಹಾಗೆ ಹೇಳಿದ್ದು. ಪುಸ್ತಕ ತೆಗೆದು ನೋಡಿದರೆ ನಾನೇ ಹೇಳಿದ್ದೆ, ನನ್ನದೇ ಅಕ್ಷರ. ಬದಲಾವಣೆಯ ಖರ್ಚು ನಾನು ಕೊಟ್ಟೆ, ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ತಪ್ಪು ಅವರದ್ದಿತ್ತು, ಅವರು ಸರಿ ಮಾಡಿಕೊಟ್ಟರು.

ಕೆಲಸದವರ ಜೊತೆ ಒಳ್ಳೇ ಮಾತಿರಲಿ. ಅವರಿಗೆ ಕುಡಿಯುವ ನೀರು, ಕೂರಲು ನೆರಳು, ಒಂದು ಶೌಚಾಲಯ ಕೊಡಿ. ಗೋಡೆಯೊಳಗೆ ಏನಾದರೂ ಕಂಡಾಗ ನಿಮ್ಮನ್ನು ಕರೆದು ತೋರಿಸುವವರು ಅವರೇ. ಸ್ಟೋರ್‌ರೂಮಿನ ಹಿಂದೆ ಹಳೇ ಪೈಪು ತುಕ್ಕು ಹಿಡಿದು ಬಾಯಿ ಕಟ್ಟಿಹೋಗಿದ್ದನ್ನು ಗಾರೆ ಕೆಲಸದ ಒಬ್ಬ ಅಕ್ಕ ಮೊದಲು ನೋಡಿ, "ಅಮ್ಮಾ, ಇಲ್ಲಿ ಸ್ವಲ್ಪ ಬನ್ನಿ" ಎಂದು ಕೂಗಿದರು. ಕಬ್ಬಿಣದ ಆ ಪೈಪನ್ನು ಕತ್ತರಿಸಿದಾಗ ಒಳಗೆ ಬೆರಳು ಹೋಗುವಷ್ಟೂ ಜಾಗ ಉಳಿದಿರಲಿಲ್ಲ.

ಕೊನೆಯ ಲೆಕ್ಕ

ಕೆಲಸ ಮುಗಿಯಿತು ಎಂದ ದಿನ ಕಂಟ್ರಾಕ್ಟರ್ ಜೊತೆ ರೂಮು ರೂಮು ಸುತ್ತಿ ಕೊರತೆಯ ಪಟ್ಟಿ ಮಾಡಿ. ಸಂಜೆ ಕತ್ತಲಾದ ಮೇಲೆ ಗೋಡೆಗೆ ತಾಗಿಸಿ ಟಾರ್ಚು ಬಿಟ್ಟರೆ ಉಬ್ಬು ತಗ್ಗು ಎಲ್ಲ ಕಾಣುತ್ತದೆ. ಟೈಲ್ಸನ್ನು ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ತೆಗೆಸಿ ಮತ್ತೆ ಕೂರಿಸಿಕೊಳ್ಳಿ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು ನೋಡಿ. ಬಾಗಿಲು ಕಿಟಕಿ ಎಲ್ಲ ಮೂರು ಮೂರು ಸಲ ತೆಗೆದು ಹಾಕಿ. ವೈರಿಂಗ್ ನಕ್ಷೆ, ಪೈಪಿನ ನಕ್ಷೆ, ಗ್ಯಾರಂಟಿ ಕಾರ್ಡು, ಬಿಲ್ಲು, ಬಣ್ಣದ ಶೇಡ್ ನಂಬರ್ ಎಲ್ಲ ಒಂದೇ ಫೈಲಿಗೆ ಹಾಕಿಸಿಕೊಳ್ಳಿ.

ಹಿಡಿದಿಟ್ಟ ದುಡ್ಡನ್ನು ನಾವು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಎಂದು ಬರೆದುಕೊಂಡಿದ್ದೆವು. ಜೋರು ಮಳೆ ಬಂದ ಮೂರನೇ ದಿನ ಕಂಟ್ರಾಕ್ಟರ್ ತಾವಾಗಿಯೇ ಕೊಡೆ ಹಿಡಿದು ಬಂದರು. ಇಬ್ಬರೂ ತಾರಸಿ ಹತ್ತಿದೆವು, ಒಂದು ಮೂಲೆಯಲ್ಲಿ ನೀರು ನಿಂತಿತ್ತು. ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿದರು. ಮಳೆ ಬಿಟ್ಟ ವಾರ ಅವರೇ ಇಬ್ಬರನ್ನು ಕಳಿಸಿ ಇಳಿಜಾರು ಸರಿ ಮಾಡಿಸಿದರು. ಮುಂದಿನ ಮಳೆಗೆ ನೋಡಿದೆ, ನೀರು ಹರಿದು ಹೋಯಿತು. ಅವತ್ತು ಸಂಜೆಯೇ ಉಳಿದ ದುಡ್ಡು ಕೊಟ್ಟೆ.